ನಂದಾದೀಪವೂ ನನ್ನ ವಿಂಡೋ ಮ್ಯಾನೇಜರೂ

ನಮ್ಮ ಮನೆಯ ಕಂಪ್ಯೂಟರ್ ಎದ್ದು ಕೂರುವುದಕ್ಕೆ ಮೂರು ವಿಶಲ್ ಬೇಕಾಗುತ್ತಿತ್ತು. ಒಲೆಯ ಮೇಲೆ ಕುಕ್ಕರ್ ಇಟ್ಟು, ಬಂದು ಸ್ವಿಚ್ ಒತ್ತಿ, ಮತ್ತೆ ಅಡುಗೆಮನೆಗೆ ಹೋಗಿ ಹುಳಿಗೆ ತರಕಾರಿ ಹೆಚ್ಚುತ್ತಿದ್ದೆ. ಮೊದಲ ವಿಶಲ್‌ಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡುತ್ತಿರುತ್ತಿದ್ದವು. ಎರಡನೆಯದಕ್ಕೆ ಹೆಸರು, ಪಾಸ್‌ವರ್ಡ್ ಕೇಳುತ್ತಿತ್ತು. ಕೈ ಒರೆಸಿಕೊಂಡು ಬಂದು ಟೈಪ್ ಮಾಡಿ ಹೋದರೆ ಮೂರನೆಯ ವಿಶಲ್‌ಗೆ ಒಂದು ಜಲಪಾತದ ಚಿತ್ರ, ಅದರ ಕೆಳಗೆ ಸಾಲಾಗಿ ಕುಪ್ಪಳಿಸುವ ಬಣ್ಣದ ಗುರುತುಗಳು. ಆಮೇಲೂ ಒಳಗಿನ ಡಿಸ್ಕು ಕಡಲೆಕಾಯಿ ಬೀಜ ಹುರಿಯುವ ಬಾಣಲೆಯ ಹಾಗೆ ಕಟಕಟ ಅನ್ನುತ್ತಲೇ ಇರುತ್ತಿತ್ತು.

ಅದನ್ನು ಜೋಡಿಸಿಕೊಟ್ಟವನು ನನ್ನ ಮೈದುನ. ಕೆಂಗೇರಿ ಉಪನಗರದಲ್ಲಿ ಅವನ ಸಂಸಾರ, ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು, ಬಿಡಿಭಾಗಗಳನ್ನು ತಂದು ನಮ್ಮ ಬಸವೇಶ್ವರನಗರದ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದು ಭಾನುವಾರವಿಡೀ ಕೂತು ಜೋಡಿಸಿದ. ಎಲ್ಲರ ಮನೆಯ ವಿಂಡೋಸ್ ಬೇಡವೆಂದು ಲಿನಕ್ಸ್ ಹಾಕಿದ. "ವೈರಸ್ ಕಾಟ ಇಲ್ಲ ಅತ್ತಿಗೆ, ಯಾರ ಹಂಗೂ ಇಲ್ಲ" ಅಂದ. ಸೀಡಿಗಳಲ್ಲಿ ಇದ್ದದ್ದನ್ನು ಒಂದೂ ಬಿಡದೆ ತುಂಬಿಸಿದ. ನನಗೊಂದು, ಯಜಮಾನರಿಗೊಂದು ಲಾಗಿನ್ ಮಾಡಿಕೊಟ್ಟ. ಇಡೀ ಯಂತ್ರದ ಮೇಲೆ ಅಧಿಕಾರ ನಡೆಸುವ ರೂಟ್ ಪಾಸ್‌ವರ್ಡನ್ನು ಮಾತ್ರ ತಾನೇ ಇಟ್ಟುಕೊಂಡ.

"ಅದು ನಿಮಗ್ಯಾಕೆ ಅತ್ತಿಗೆ? ನೀವು ಏನ್ ಬೇಕಾದ್ರೂ ಮಾಡಿ, ಸೆಟ್ಟಿಂಗ್ಸ್ ಒಂದ್ ಮುಟ್ಬೇಡಿ."

ನನ್ನ ಮನೆಯಲ್ಲಿರುವ, ನಾನು ದಿನಾ ಧೂಳು ಒರೆಸುವ ಪೆಟ್ಟಿಗೆಯ ಬೀಗದ ಕೈ ಕೆಂಗೇರಿಯಲ್ಲಿತ್ತು.

ಅದರ ಸೀಡಿ ಡ್ರೈವ್ ಕೆಡಿಸಿದವಳು ಮಾತ್ರ ನಾನೇ, ಒಪ್ಪಿಕೊಳ್ಳುತ್ತೇನೆ. ಮೊದಲ ವರ್ಷದ ಆಯುಧಪೂಜೆಯ ದಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಯಂತ್ರ, ಸ್ಕೂಟರ್ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು ಕಂಪ್ಯೂಟರ್ ಹತ್ತಿರ ಬಂದೆ. ಗುಂಡಿ ಒತ್ತಿದರೆ ತಟ್ಟೆ ತಾನಾಗಿ ಮುಂದೆ ಬಂತು. ಹರಿವಾಣವನ್ನೇ ಚಾಚಿದ ಹಾಗಿತ್ತು. ಖಾಲಿ ಬಿಡಲು ಮನಸ್ಸು ಬರಲಿಲ್ಲ. ಒಂದು ಚಿಟಿಕೆ ಅಕ್ಷತೆ, ಎರಡು ಚೆಂಡುಹೂವಿನ ಎಸಳು ಇಟ್ಟು, ಹಾಗೇ ಬಿಟ್ಟೆ. ಮಾರನೆಯ ದಿನ ಸ್ವಿಚ್ ಹಾಕಿದಾಗ ತಟ್ಟೆ ಪೂಜೆಯ ಸಮೇತ ಒಳಗೆ ಹೋಯಿತು. ಒರಳಲ್ಲಿ ಒಣ ಅಕ್ಕಿ ತಿರುಗಿಸಿದ ಸದ್ದು ಒಂದು ಸಲ ಬಂದದ್ದೇ ಕೊನೆ, ಮತ್ತೆ ಬಾಯಿ ತೆರೆಯಲಿಲ್ಲ. ಮೈದುನ ವರ್ಷವಿಡೀ ನೆಂಟರಿಷ್ಟರ ಮುಂದೆ ಹೇಳಿಕೊಂಡು ತಿರುಗಿದ: "ನಮ್ಮತ್ತಿಗೆ ಕಂಪ್ಯೂಟರಿಗೆ ಮಡಿಲು ತುಂಬಿಸಿದಾರೆ."

ಆ ಕಂಪ್ಯೂಟರಿನಲ್ಲಿ ನನಗೊಂದು ಕೆಲಸ ಹುಟ್ಟಿಕೊಂಡದ್ದು ಅದರ ಮಾರನೆಯ ವರ್ಷ. ಪಕ್ಕದ ಮನೆಯ ಮಗು ಹೋಂವರ್ಕ್‌ಗೆಂದು ತಂದ ಇಂಗ್ಲಿಷ್ ವರ್ಕ್‌ಬುಕ್ಕಿನಲ್ಲಿ ಮೊದಲ ನಾಲ್ಕು ಪುಟಕ್ಕೇ ಹನ್ನೊಂದು ತಪ್ಪು ಕಂಡವು. ಕಾನ್ವೆಂಟಿನಲ್ಲಿ ಓದಿದವಳಿಗೆ ತಪ್ಪು ಕಂಡರೆ ಊಟ ಸೇರುವುದಿಲ್ಲ. ಅಚ್ಚು ಮಾಡಿದ ರಾಜಾಜಿನಗರದ ಪ್ರೆಸ್ಸಿಗೆ ಒಂದು ಕಾಗದ ಬರೆದು ಹಾಕಿದೆ. ಪ್ರೆಸ್ಸಿನ ಮಾಲೀಕರು ಫೋನ್ ಮಾಡಿದರು.

"ಮೇಡಂ, ನೀವು ಬೈದಿದ್ದೀರೋ ಹೊಗಳಿದ್ದೀರೋ ಗೊತ್ತಾಗ್ಲಿಲ್ಲ. ಆದ್ರೆ ಹನ್ನೊಂದೂ ಕರೆಕ್ಟು. ಮುಂದಿನ ಕ್ಲಾಸಿನ ಪುಸ್ತಕ ಅಚ್ಚಿಗೆ ಹೋಗೋಕ್ಮುಂಚೆ ನೋಡಿಕೊಡ್ತೀರಾ?"

ಮದುವೆಯಾದ ಹನ್ನೊಂದು ವರ್ಷಗಳಲ್ಲಿ ನನ್ನನ್ನೇ ಹುಡುಕಿಕೊಂಡು ಬಂದ ಮೊದಲ ಕೆಲಸ ಅದು. ಮೂವತ್ತೆರಡು ಪಾಠಗಳು ಒಂದು ಫ್ಲಾಪಿಯಲ್ಲಿ ಬಂದವು. ಗಡುವನ್ನೂ ಅವರೇ ಹೇಳಿದರು: "ಆಯುಧಪೂಜೆಗೆ ಮಷೀನ್ ನಿಲ್ಲಿಸ್ತೀವಿ. ವಿಜಯದಶಮಿ ದಿನ ಹೊಸ ಕೆಲಸ ಶುರು. ಹನ್ನೊಂದು ಗಂಟೆಯೊಳಗೆ ಫ್ಲಾಪಿ ನನ್ನ ಕೈಗೆ ಬಂದ್ರೆ ಮೊದಲ ಕೆಲಸ ನಿಮ್ಮದು. ಬರದೇ ಇದ್ರೆ ಬೇರೆಯವರ ಹತ್ರ ಮಾಡಿಸ್ಕೋತೀನಿ. ಬೇಜಾರ್ ಮಾಡ್ಕೋಬೇಡಿ, ಮತ್ತೆ ತೊಂದ್ರೆ ಕೊಡಲ್ಲ."

ಮತ್ತೆ ತೊಂದರೆ ಕೊಡುವುದಿಲ್ಲ ಎಂದರೆ ಮತ್ತೆ ಕರೆಯುವುದಿಲ್ಲ ಎಂದೇ ಅರ್ಥ. ಅಷ್ಟು ನನಗೆ ತಿಳಿಯುತ್ತಿತ್ತು.

ನವರಾತ್ರಿ ಶುರುವಾಯಿತು. ನಮ್ಮ ಮನೆಯಲ್ಲಿ ಪಾಡ್ಯದ ದಿನ ಹಚ್ಚಿದ ನಂದಾದೀಪ ದಶಮಿಯ ಸಂಜೆಯವರೆಗೂ ಆರಬಾರದು. ದೀಪ ಇರುವಷ್ಟು ದಿನ ಮನೆಗೆ ಬೀಗ ಹಾಕುವ ಹಾಗಿಲ್ಲ. ಎಲ್ಲರೂ ಹೊರಗೆ ಹೋದರೂ ಒಬ್ಬರು ಒಳಗಿರಬೇಕು. ಅತ್ತೆ ಇದ್ದಾಗ ಆ ಒಬ್ಬರು ಅತ್ತೆ. ಅವರು ಹೋದ ಮೇಲೆ ಯಾರೂ ಕೇಳಲೂ ಇಲ್ಲ, ಹೇಳಲೂ ಇಲ್ಲ, ಆ ಒಬ್ಬರು ನಾನು.

ಹೇಗೂ ಮನೆಯಲ್ಲೇ ಇರುತ್ತೇನಲ್ಲ, ಕೆಲಸ ಸಾಗುತ್ತದೆ ಅಂದುಕೊಂಡೆ. ಒಂಬತ್ತನೆಯ ಪಾಠಕ್ಕೆ ಬಂದಾಗ ಯಂತ್ರ ಮೊಂಡು ಹಿಡಿಯಿತು. ಒಂದು ಅಕ್ಷರ ಒತ್ತಿದರೆ, ಸಾಸಿವೆ ಸಿಡಿಯುವಷ್ಟು ಹೊತ್ತಿನ ಮೇಲೆ ಅದು ಪರದೆಯ ಮೇಲೆ ಮೂಡುತ್ತಿತ್ತು. ಎರಡು ಸಲ ಪೂರ್ತಿ ಕಲ್ಲಾಗಿ ನಿಂತು, ಆ ಪಾಠಕ್ಕೆ ಮಾಡಿದ್ದ ತಿದ್ದುಪಡಿಯೆಲ್ಲ ಹೋಯಿತು.

ಮೂರನೆಯ ದಿನ ಮೈದುನ ಬಂದ. ಕೈಯಲ್ಲಿ ಹೊಸ ಸೀಡಿಗಳು, ಎಲ್ಲವನ್ನೂ ಅಳಿಸಿ ಬೇರೆ ಹಾಕುವ ಹುಮ್ಮಸ್ಸು. ತಟ್ಟೆಯ ಗುಂಡಿ ನಾಲ್ಕು ಸಲ ಒತ್ತಿದ ಮೇಲೆ ನೆನಪಾಯಿತು.

"ಅಯ್ಯೋ, ಮಡಿಲು ತುಂಬಿಸಿದ್ದು ಮರ್ತೇಹೋಗಿತ್ತು!" ಎಂದು ನಕ್ಕು, ಯಜಮಾನರ ಕಡೆ ತಿರುಗಿದ. "ಅಣ್ಣಾ, ಇದು ಮುಗೀತು ಕಣೋ. ಎಕ್ಸ್‌ಚೇಂಜಿಗೆ ಹಾಕು. ದೀಪಾವಳಿಗೆ ಹೊಸದು ತರೋಣ."

"ನನ್ನ ಕೆಲಸ?" ಅಂದೆ.

"ಆಗಲ್ಲ ಅಂತ ಒಂದ್ ಫೋನ್ ಮಾಡ್ಬಿಡಿ ಅತ್ತಿಗೆ. ಅವ್ರಿಗೇನು, ಟೈಪ್ ಮಾಡೋರು ಬೀದಿಗೊಬ್ಬರು ಸಿಗ್ತಾರೆ."

"ಹೂಂ ಕಣೇ, ಹಬ್ಬದಲ್ಲಿ ಯಾಕೆ ತಲೆನೋವು ಮಾಡ್ಕೋತೀಯ" ಎಂದರು ಯಜಮಾನರು, ಪೇಪರ್ ಮಡಿಸುತ್ತ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ತಲೆನೋವು ಕಡಿಮೆಯಾಗಲಿ ಎಂದೇ ಹೇಳಿದ್ದು. ಅದೇ ನನಗೆ ಹೆಚ್ಚು ಚುಚ್ಚಿತು.

ನಾನು ಜೋರಾಗಿ ಮಾತಾಡುವವಳಲ್ಲ. ಕಾಫಿ ಲೋಟ ಎತ್ತಿಕೊಳ್ಳುತ್ತ, "ಆಗಲ್ಲ ಅಂತ ನಾನು ಫೋನ್ ಮಾಡಲ್ಲ. ದಶಮಿವರೆಗೂ ಇದನ್ನ ಯಾರೂ ಎಲ್ಲಿಗೂ ತಗೊಂಡು ಹೋಗ್ಬೇಡಿ" ಅಂದೆ.

ಮೈದುನ ಹುಬ್ಬು ಹಾರಿಸಿದ. "ಏನ್ ಮಾಡ್ತೀರ ಅತ್ತಿಗೆ, ಇನ್ನೊಂದ್ ಸಲ ಅಕ್ಷತೆ ಹಾಕ್ತೀರಾ?"

ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ನಮ್ಮ ಸಿಸ್ಟರ್ ಒಬ್ಬರಿಗೆ ಒಂದು ಕಟ್ಟುನಿಟ್ಟಿತ್ತು: ನಮೂನೆಯ ಜೊತೆ ಕೊಟ್ಟ ಚೀಟಿಯನ್ನು ಎರಡು ಸಲ ಓದದೆ ಸೂಜಿ ಮುಟ್ಟುವ ಹಾಗಿಲ್ಲ. ಫ್ಲಾಪಿಗೆ ಫೈಲ್ ಹಾಕುವುದಕ್ಕೆಂದು ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡುವುದು ನನಗೆ ಬರುತ್ತಿತ್ತು. ಮೈದುನ ಬರೆದುಕೊಟ್ಟ ಚೀಟಿ ಮಾನಿಟರಿಗೆ ಅಂಟಿಸಿತ್ತು. ಅದೇ ಕಪ್ಪು ಕಿಟಕಿಯಲ್ಲಿ ಯಂತ್ರದ ಕೈಪಿಡಿಯೂ ಇದೆಯೆಂದು ಗೊತ್ತಿತ್ತು. ಮಾರನೆಯ ದಿನ ಎಲ್ಲರೂ ಹೊರಟ ಮೇಲೆ ಓದುವುದಕ್ಕೆ ಕೂತೆ. ಓದುವುದಕ್ಕೆ ಯಂತ್ರ ವೇಗವಾಗಿ ಓಡಬೇಕಾಗಿಲ್ಲವಲ್ಲ.

ಎಂಥ ಇಂಗ್ಲಿಷ್ ಅದು! ಒಣಗಿದ್ದು, ಆದರೆ ಒಂದು ಪದ ಹೆಚ್ಚಿಲ್ಲ. ಯಾರನ್ನೂ ಗದರಿಸುವುದಿಲ್ಲ, ಇದು ನಿನಗ್ಯಾಕೆ ಅನ್ನುವುದಿಲ್ಲ. ಎರಡು ದಿನ ಓದಿ ನನಗೆ ತಿಳಿದದ್ದಿಷ್ಟು. ಜಲಪಾತ, ಕುಪ್ಪಳಿಸುವ ಗುರುತು, ನೆರಳು ಬೀಳುವ ಮೆನು ಎಲ್ಲ ಸೇರಿ ಒಂದು ದೊಡ್ಡ ಸಂಸಾರ. ಯಂತ್ರದ ಉಸಿರನ್ನೆಲ್ಲ ಅದೇ ಕುಡಿಯುತ್ತಿತ್ತು. ಕೆಲಸಕ್ಕೆ ನಿಜವಾಗಿ ಬೇಕಾದದ್ದು ವಿಂಡೋ ಮ್ಯಾನೇಜರ್ ಎಂಬ ಪುಟ್ಟ ಪ್ರೋಗ್ರಾಂ ಒಂದೇ. ಪರದೆಯ ಕಿಟಕಿಗಳಿಗೆ ಚೌಕಟ್ಟು ಹಾಕಿ, ಯಾವುದು ಮುಂದೆ ಯಾವುದು ಹಿಂದೆ ಎಂದು ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಅಂಥ ಹಗುರಾದವು ಮೂರು ನಾಲ್ಕು, ಮೈದುನ ಸಾರಾಸಗಟಾಗಿ ತುಂಬಿಸಿದ್ದರಲ್ಲಿ, ಡಬ್ಬದ ತಳದ ಲವಂಗದ ಹಾಗೆ ಯಾರೂ ಕೇಳದೆ ಬಿದ್ದಿದ್ದವು.

ಇನ್ನೊಂದು ವಿಷಯವೂ ಅಲ್ಲಿತ್ತು. ಡೀಫಾಲ್ಟ್ ಎಂದರೆ ಯಾರೂ ಏನೂ ಹೇಳದಿದ್ದಾಗ ತಾನಾಗಿ ನಡೆಯುವ ಏರ್ಪಾಡು; ಇಡೀ ಯಂತ್ರಕ್ಕೆ ಅನ್ವಯಿಸುವ ಡೀಫಾಲ್ಟ್ ಬದಲಿಸಲು ರೂಟ್ ಪಾಸ್‌ವರ್ಡ್ ಬೇಕು. ಆದರೆ ಬಳಸುವವರು ತಮ್ಮ ಸ್ವಂತ ಜಾಗದಲ್ಲಿ, ಚುಕ್ಕಿಯಿಂದ ಶುರುವಾಗುವ ಹೆಸರಿನ ಒಂದು ಫೈಲ್ ಇಟ್ಟುಕೊಂಡರೆ, ಅವರ ಮಟ್ಟಿಗೆ ಅದರಲ್ಲಿ ಬರೆದದ್ದೇ ನಡೆಯುತ್ತದೆ. ಚುಕ್ಕಿಯಿರುವ ಫೈಲು ಸುಮ್ಮನೆ ನೋಡುವವರ ಕಣ್ಣಿಗೆ ಕಾಣುವುದೂ ಇಲ್ಲ. ಅದನ್ನು ಸಿಸ್ಟರ್ ಹೇಳಿದ ಹಾಗೆ ಎರಡು ಸಲ ಓದಿದೆ. ಸಂತೋಷಕ್ಕೆ ಮೂರನೆಯ ಸಲವೂ ಓದಿದೆ. ನನ್ನ ಡೀಫಾಲ್ಟ್ ಬದಲಿಸಲು ಕೆಂಗೇರಿಯ ಅಪ್ಪಣೆ ಬೇಕಿರಲಿಲ್ಲ.

ನಾನು ಲಾಗಿನ್ ಆದಾಗ ಏನೇನು ಶುರುವಾಗಬೇಕೆಂದು ಕೈಪಿಡಿಯ ಮಾದರಿ ನೋಡಿಕೊಂಡು ಮೂರು ಸಾಲು ಬರೆದೆ. ಮೊದಲ ಸಾಲಿಗೆ ಗಡಿಯಾರ, ಎರಡನೆಯದಕ್ಕೆ ಟರ್ಮಿನಲ್, ಮೂರನೆಯದಕ್ಕೆ ವಿಂಡೋ ಮ್ಯಾನೇಜರ್. ಮಾದರಿಯಲ್ಲಿ ಮೊದಲೆರಡು ಸಾಲಿನ ಕೊನೆಗೆ, ಅಂಗಡಿ ಬೋರ್ಡುಗಳಲ್ಲಿ 'ಅಂಡ್ ಸನ್ಸ್' ಅನ್ನುವ ಕಡೆ ಹಾಕುತ್ತಾರಲ್ಲ, ಆ ಸುರುಳಿ ಗುರುತು ಇತ್ತು. ಮೂರನೆಯ ಸಾಲಿಗೆ ಇರಲಿಲ್ಲ. ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. ತಪ್ಪು ಹುಡುಕುವ ಕೆಲಸದಲ್ಲಿದ್ದವಳಲ್ಲವೇ. ಅಲ್ಲದೆ ಪಂಕ್ತಿಯಲ್ಲಿ ಇಬ್ಬರಿಗೆ ತುಪ್ಪ ಬಡಿಸಿ ಕೊನೆಯವರನ್ನು ಬಿಡುವುದು ನಮ್ಮಲ್ಲಿಲ್ಲ. ಮೂರನೆಯ ಸಾಲಿಗೂ ಹಾಕಿದೆ.

ಹೊರಗೆ ಬಂದು ಮತ್ತೆ ಲಾಗಿನ್ ಆದೆ. ಪರದೆ ಒಮ್ಮೆ ಬೂದಿಯ ಬಣ್ಣಕ್ಕೆ ತಿರುಗಿ ಕಣ್ಣು ಮಿಟುಕಿಸಿತು, ಮತ್ತೆ ಹೆಸರು ಕೇಳಿತು. ಕೊಟ್ಟೆ. ಮಿಟುಕಿಸಿತು, ಹೆಸರು ಕೇಳಿತು. ಹತ್ತು ಸಲ ಬಾಗಿಲು ತಟ್ಟಿದರೂ ಅದೇ. ಎಂಟು ಪಾಠಗಳ ತಿದ್ದುಪಡಿ ಒಳಗೆ, ನಾನು ಹೊರಗೆ.

ಸಂಜೆ ಯಜಮಾನರು ನೋಡಿ, "ಇದ್ದಿದ್ದೂ ಹೋಯ್ತಾ?" ಅಂದು ತಾವೇ ತಮ್ಮನಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

"ಸೆಟ್ಟಿಂಗ್ಸ್ ಮುಟ್ಟಿದ್ರಾ ಅತ್ತಿಗೆ?" ಅತ್ತ ಕಡೆಯಿಂದ ನಗು.

"ಮುಟ್ಟಿದೆ."

"ಸರಿ ಬಿಡಿ. ಆಯುಧಪೂಜೆ ದಿನ ಊಟಕ್ಕೆ ಬರ್ತೀನಲ್ಲ, ರೂಟಲ್ಲಿ ಹೋಗಿ ಅದೆಲ್ಲ ಅಳಿಸಿ, ಇದ್ದ ಹಾಗೇ ಮಾಡ್ಕೊಡ್ತೀನಿ."

ಇದ್ದ ಹಾಗೇ ಮಾಡಿಕೊಟ್ಟರೆ ಮತ್ತದೇ ಜಲಪಾತ, ಅದೇ ಸಾಸಿವೆ. "ಬೇಡಪ್ಪ, ಊಟಕ್ಕಷ್ಟೇ ಬಾ" ಅಂದು ಇಟ್ಟೆ. ಧೈರ್ಯದಿಂದ ಇಟ್ಟೆನೇ ಹೊರತು ಮುಂದೇನು ಎಂಬುದು ತಿಳಿದಿರಲಿಲ್ಲ.

ತಿಳಿದದ್ದು ಮಾರನೆಯ ಮಧ್ಯಾಹ್ನ, ಹೊಸಿಲ ಮೇಲೆ ನಿಂತು. ಪಕ್ಕದ ಮನೆಯಾಕೆ ಗೊಂಬೆಗೆ ಆರತಿ, ಬನ್ನಿ ಎಂದು ಕರೆಯಲು ಬಂದಿದ್ದಳು.

"ಐದೇ ನಿಮಿಷ ಆಂಟಿ, ಕುಂಕುಮ ತಗೊಂಡು ಬಂದ್ಬಿಡಿ. ಬಾಗಿಲು ಮುಂದಕ್ಕೆ ಎಳ್ಕೊಂಡ್ರೆ ಆಯ್ತು."

"ಇಲ್ಲಮ್ಮ, ದೀಪ ಇದೆ. ಬೇರೆಯವರು ಯಾರು ಹೋದ್ರೂ ನಡೆಯತ್ತೆ. ಕೊನೇಲಿ ಉಳಿದಿರೋರು ಹೊರಗೆ ಹೋದ್ರೆ ಮನೆ ಮುಚ್ಚಿದ ಹಾಗೇ."

ಹೇಳಿದ್ದೇ ತಡ, ನನ್ನ ಮಾತು ನನಗೇ ಕೇಳಿಸಿತು. ಆ ಸುರುಳಿ ಗುರುತಿನ ಅರ್ಥ, ನೀನು ಶುರುವಾಗಿ ಪಕ್ಕಕ್ಕೆ ಹೋಗು, ನಿನಗಾಗಿ ಯಾರೂ ಕಾಯುವುದಿಲ್ಲ ಎಂದು. ಗಡಿಯಾರವನ್ನು ಕಳಿಸಿದ್ದೆ, ಟರ್ಮಿನಲ್ಲನ್ನು ಕಳಿಸಿದ್ದೆ, ಕೊನೆಗೆ ಒಳಗೆ ಕೂತಿರಬೇಕಾದವರನ್ನೂ ಕಳಿಸಿಬಿಟ್ಟಿದ್ದೆ. ಎಲ್ಲರೂ ಪಕ್ಕಕ್ಕೆ ಹೋದ ಮೇಲೆ ಕಾಯುವುದಕ್ಕೆ ಯಾರೂ ಇಲ್ಲವೆಂದು ಯಂತ್ರ ಬಾಗಿಲು ಹಾಕುತ್ತಿತ್ತು. ಅಚ್ಚಿನ ತಪ್ಪಲ್ಲ, ಅದೇ ಸರಿ.

"ಆಂಟಿ, ಏನಾಯ್ತು?"

"ಏನಿಲ್ಲಮ್ಮ. ಕುಂಕುಮ ಇಲ್ಲೇ ತಂದುಕೊಡ್ತೀಯಾ?"

ಒಳಗೆ ಹೋಗುವ ದಾರಿ ಇನ್ನೊಂದಿತ್ತು. ಪರದೆ ಕಲ್ಲಾದಾಗಲೆಲ್ಲ ಮೈದುನ ಮೂರು ಬೆರಳು ಒಟ್ಟಿಗೆ ಊರಿ, ಚಿತ್ರವಿಲ್ಲದ ಬರೀ ಅಕ್ಷರದ ಪರದೆ ತರಿಸುತ್ತಿದ್ದ. ಯಾವ ಬೆರಳು ಎಲ್ಲಿ ಎಂದು ಅವನು ನನಗೆ ಹೇಳಿಕೊಟ್ಟಿರಲಿಲ್ಲ. ಆದರೆ ಕಾಫಿ ಲೋಟ ಹಿಡಿದು ಹಿಂದೆ ನಿಂತವಳ ಕಣ್ಣು ಸುಮ್ಮನಿರುತ್ತದೆಯೇ? ಎಡಗೈ ಹೆಬ್ಬೆರಳು ಮತ್ತು ಕಿರುಬೆರಳು ಕೆಳಗಿನ ಸಾಲಿನಲ್ಲಿ, ಬಲಗೈ ತೋರುಬೆರಳು ಮೇಲಿನ ಸಾಲಿನ ಮೊದಲ ಗುಂಡಿಗಳಲ್ಲೊಂದರ ಮೇಲೆ. ಊರಿದೆ. ಕಪ್ಪು ಪರದೆ ಬಂತು. ಹೆಸರು ಕೇಳಿತು, ಈ ಸಲ ಒಳಗೆ ಬಿಟ್ಟಿತು. ಫೈಲ್ ತೆರೆದು ಮೂರನೆಯ ಸಾಲಿನ ಸುರುಳಿಯನ್ನು ಅಳಿಸಿ ವಾಪಸ್ ಬಂದೆ.

ಬೂದಿಯ ಬಣ್ಣ ಬಂತು, ನಿಂತಿತು. ಮೂಲೆಯಲ್ಲಿ ದುಂಡನೆಯ ಗಡಿಯಾರ, ಕೆಳಗೊಂದು ತೆಳ್ಳನೆಯ ಪಟ್ಟಿ, ಅಷ್ಟೇ. ಜಲಪಾತ ಇಲ್ಲ, ಕುಪ್ಪಳಿಸುವುದು ಇಲ್ಲ. ಗುಡಿಸಿ ಸಾರಿಸಿದ ಅಂಗಳದ ಹಾಗೆ ಕಂಡಿತು ನನಗೆ. ಪಾಠದ ಫೈಲ್ ತೆರೆದೆ; ಬೆರಳು ಇಟ್ಟಲ್ಲಿ ಅಕ್ಷರ ಮೂಡಿತು. ಮಾರನೆಯ ಬೆಳಿಗ್ಗೆ ಕುಕ್ಕರಿನ ಮೊದಲ ವಿಶಲ್ ಬರುವುದರೊಳಗೆ ನಾನು ಇಪ್ಪತ್ತೊಂದನೆಯ ಪಾಠದಲ್ಲಿದ್ದೆ.

"ಇದೇನೇ ಇದು, ಸುಣ್ಣ ಹೊಡೆಯೋಕ್ಮುಂಚಿನ ಗೋಡೆ ಥರ?" ಎಂದರು ಯಜಮಾನರು.

"ನಿಮ್ಮ ಹೆಸರಲ್ಲಿ ಲಾಗಿನ್ ಆಗಿ, ನಿಮ್ಮ ಜಲಪಾತ ಹಾಗೇ ಇದೆ. ಇದು ನಂದು."

ಅವರು ಗಡಿಯಾರ ನೋಡಿ ಆಫೀಸಿಗೆ ಹೊರಟರು.

ಅಷ್ಟಮಿಯ ಸಂಜೆಗೆ ಮೂವತ್ತೆರಡೂ ಮುಗಿದವು. ಫ್ಲಾಪಿಗೆ ಹಾಕಿ, ಇನ್ನೊಂದು ಫ್ಲಾಪಿಗೂ ಹಾಕಿ, ಎರಡನ್ನೂ ದೇವರ ಮನೆಯ ಗೂಡಿನಲ್ಲಿಟ್ಟೆ. ಮಾರನೆಯ ದಿನ ಬೇಗ ಎದ್ದು, ಕುರುಬರಹಳ್ಳಿಯಿಂದ ತರಿಸಿದ ಚೆಂಡುಹೂವಿನಲ್ಲಿ ಮೊದಲ ಪೂಜೆ ಕಂಪ್ಯೂಟರಿಗೇ ಮಾಡಿದೆ. ಈ ಸಲ ಅಕ್ಷತೆ ಪೆಟ್ಟಿಗೆಯ ನೆತ್ತಿಯ ಮೇಲೆ ಮಾತ್ರ.

ಮಧ್ಯಾಹ್ನ ಊಟಕ್ಕೆ ಬಂದ ಮೈದುನ ಕೈ ತೊಳೆದವನೇ ಕುರ್ಚಿ ಎಳೆದುಕೊಂಡ. "ಎಲ್ಲಿ ಅತ್ತಿಗೆ, ಏನ್ ಕೆಡಿಸಿದ್ದೀರ ನೋಡೋಣ. ಎರಡ್ ನಿಮಿಷದಲ್ಲಿ ಹಳೇದಕ್ಕೆ ಹಾಕ್ತೀನಿ."

ಅವನ ಬೆರಳು ಸ್ವಿಚ್ಚಿನ ಹತ್ತಿರ ಹೋಗಿತ್ತು. ಸ್ವಿಚ್ಚಿನ ಮೇಲೇ ಒದ್ದೆ ಕುಂಕುಮ ಇಟ್ಟಿದ್ದೆ.

"ಪೂಜೆ ಆಗಿದೆ. ನಾಳೆವರೆಗೂ ಮುಟ್ಟೋ ಹಾಗಿಲ್ಲ" ಅಂದೆ.

"ಅಯ್ಯೋ, ಕಂಪ್ಯೂಟರಿಗೆಲ್ಲ ಎಂಥ ಶಾಸ್ತ್ರ!"

"ಹಾಗಾದ್ರೆ ನಿನ್ನ ಬೈಕಿಗೆ ಯಾಕಪ್ಪ ನಿಂಬೆಹಣ್ಣು ಕಟ್ಟಿದೀಯ?"

ಯಜಮಾನರು ಗೊಳ್ಳನೆ ನಕ್ಕುಬಿಟ್ಟರು. ಮೈದುನ ಕೈ ಹಿಂದೆಗೆದುಕೊಂಡು ಒಬ್ಬಟ್ಟಿನ ತಟ್ಟೆಗೆ ಕೈಹಾಕಿದ. ಕೆಲಸ ಮುಗಿದದ್ದನ್ನು ಊಟದ ನಡುವೆ ಅಣ್ಣನೇ ಹೇಳಿದ್ದರು; ಹೋಗುವಾಗ ಮಾತ್ರ ಚಪ್ಪಲಿ ಮೆಟ್ಟುತ್ತ, "ರೂಟ್ ಇಲ್ದೆ ಹೆಂಗ್ ಮಾಡಿದ್ರಿ?" ಎಂದು ಕೇಳಿದ.

"ಓದಿದೆ" ಅಂದೆ.

ವಿಜಯದಶಮಿಯ ಬೆಳಿಗ್ಗೆ ಅಣ್ಣತಮ್ಮಂದಿರು ಕೆಂಗೇರಿಯಲ್ಲಿ ಸೇರಿ ಹಿರಿಯರ ಮನೆಗಳಿಗೆ ಬನ್ನಿ ಕೊಡಲು ಹೋಗುವುದು ವಾಡಿಕೆ. ಒಂಬತ್ತೂವರೆಗೆ ಯಜಮಾನರು ಸ್ಕೂಟರ್ ಕೀ ಹಿಡಿದು ಹಾಲ್‌ಗೆ ಬಂದಾಗ ನಾನು ನೀಲಿ ಸೀರೆ ಉಟ್ಟು, ಕೈಚೀಲ ಹೆಗಲಿಗೆ ಹಾಕಿ ನಿಂತಿದ್ದೆ.

"ಎಲ್ಲಿಗೆ?"

"ರಾಜಾಜಿನಗರಕ್ಕೆ, ಪ್ರೆಸ್ಸಿಗೆ."

"ದೀಪ?"

"ನೀವಿದ್ದೀರಲ್ಲ."

"ನಾನು ಕೆಂಗೇರಿಗೆ ಹೋಗ್ಬೇಕಲ್ಲೇ! ಅವನು ಕಾಯ್ತಿರ್ತಾನೆ. ಫ್ಲಾಪಿ ಕೊಡು, ದಾರೀಲಿ ನಾನೇ ಕೊಟ್ಟು ಹೋಗ್ತೀನಿ."

"ಬೇಡಿ. ಮಾಡಿದವಳು ನಾನು, ಕೊಡೋಳೂ ನಾನೇ."

"ಪ್ರತಿವರ್ಷ ನೀನೇ ಇರ್ತಿದ್ದೆ..."

"ಇದ್ದೆ. ಅದಕ್ಕೇ ಈ ವರ್ಷ ಹೋಗ್ತಿದೀನಿ. ಎಣ್ಣೆ ಬಲಗಡೆ ಗಿಂಡಿಯಲ್ಲಿದೆ. ಬತ್ತಿ ಜಾಸ್ತಿ ಎಳೀಬೇಡಿ."

ಗೇಟು ತೆರೆದು ಹೊರಗೆ ಬಂದೆ. ಹಿಂದೆ ತಿರುಗಿದರೆ ಎಲ್ಲಿ ಮನಸ್ಸು ಕರಗುತ್ತದೋ ಎಂದು ತಿರುಗಲಿಲ್ಲ. ಬೀದಿಯಲ್ಲಿ ಒಡೆದ ಬೂದುಗುಂಬಳದ ಹೋಳುಗಳು, ಲಗ್ಗೆರೆ ಕಡೆಯಿಂದ ಬಂದ ಬಸ್ಸಿನ ಮೂತಿಗೆ ಬಾಳೆಕಂದು. ಪ್ರೆಸ್ಸು ತಲುಪಿದಾಗ ಹತ್ತೂ ಇಪ್ಪತ್ತು. ಮಾಲೀಕರು ಫ್ಲಾಪಿ ಹಾಕಿ, ಮೂರು ಪಾಠ ತೆರೆದು ಸಾಲು ಸಾಲಾಗಿ ನೋಡಿ, ಮಷೀನಿನ ಮುಂದಿನ ತಟ್ಟೆಯಿಂದ ನನಗೆ ಹೂವು ಕೊಟ್ಟರು. ಆಮೇಲೆ ಡ್ರಾಯರ್ ಎಳೆದು ಇನ್ನೊಂದು ಫ್ಲಾಪಿ ತೆಗೆದರು. "ಏಳನೇ ಕ್ಲಾಸಿಂದು ಮೇಡಂ. ದೀಪಾವಳಿಯೊಳಗೆ ಆಗತ್ತಾ?"

"ಆಗತ್ತೆ" ಅಂದೆ.

ಮನೆಗೆ ಬಂದಾಗ ಹನ್ನೆರಡಾಗಿತ್ತು. ಯಜಮಾನರು ದೇವರ ಮನೆಯ ಮುಂದೆ ಚಾಪೆ ಹಾಕಿಕೊಂಡು ದೀಪವನ್ನೇ ನೋಡುತ್ತ ಕೂತಿದ್ದರು. ನೆಲದ ಮೇಲೆಲ್ಲ ಎಣ್ಣೆ ಚೆಲ್ಲಿತ್ತು.

"ಗಾಳಿಗೆ ಎರಡು ಸಲ ಅಲ್ಲಾಡ್ತು ಕಣೇ. ಬಾತ್‌ರೂಮಿಗೆ ಹೋಗೋಕೂ ಭಯ ಆಯ್ತು. ಫೋನ್ ಬಡ್ಕೋತಾನೇ ಇದೆ, ಎತ್ತೋಕಾಗ್ಲಿಲ್ಲ."

ಅಷ್ಟರಲ್ಲಿ ಅದು ಮತ್ತೆ ಬಡಿದುಕೊಂಡಿತು. ಅವರು ಏಳಲು ಹೋದರು. "ನೀವು ಕೂತ್ಕೊಳ್ಳಿ" ಎಂದು ನಾನು ಎತ್ತಿದೆ.

"ಅತ್ತಿಗೆ, ಅಣ್ಣ ಇನ್ನೂ ಹೊರಟಿಲ್ವಾ?" ಕೆಂಗೇರಿಯಿಂದ ಮೈದುನ.

"ಇಲ್ಲ, ದೀಪದ ಹತ್ರ ಕೂತಿದಾರೆ" ಎಂದೆ, ಬಲಗೈಯಲ್ಲಿ ಕಂಪ್ಯೂಟರಿನ ಸ್ವಿಚ್ ಒತ್ತುತ್ತ. "ನನಗೆ ಕೆಲಸ ಇದೆ."